ಮೊದಲ ಕತ್ತರಿ

ಉತ್ತರ ಕರ್ನಾಟಕದ ಮನೆಗಳಲ್ಲಿ ಕೂಸಿನ ತಲೆಗೆ ಮೊದಲ ಸಲ ಕತ್ತರಿ ತಾಗುವ ದಿನಕ್ಕೆ ಜವಳವೆಂದು ಹೆಸರು. ಅಂದು ಸೋದರಮಾವನಿಗೆ ಕರೆ ಹೋಗುತ್ತದೆ. ಮನೆದೇವರ ಗುಡಿಯ ಅಂಗಳದಲ್ಲಿ ಚಾಪೆ ಹಾಸಲಾಗುತ್ತದೆ. ಅಳುವ ಕೂಸಿನ ಬಾಯಿಗೆ ಬೆಲ್ಲದ ಚೂರು ಬೀಳುತ್ತದೆ. ಕೂಸಿಗೆ ಅದರಲ್ಲಿ ಏನು ಸಂತೋಷವೋ ಬಲ್ಲವರಿಲ್ಲ. ಹಿರಿಯರಿಗಂತೂ ಅದು ಹಬ್ಬ. ಮರಾಠಿ ಸೀಮೆಯ ಧನಗರರು ಇದೇ ಶಬ್ದವನ್ನು ಇನ್ನೊಂದು ಎಳೆಯ ಜೀವಕ್ಕೂ ಸಲ್ಲಿಸಿದ್ದಾರೆ. ಕುರಿಮರಿಯ ಮೈಯಿಂದ ಮೊದಲ ಸಲ ಇಳಿಸಿದ ಉಣ್ಣೆ ಅವರ ಬಾಯಲ್ಲಿ ಜಾವಳ. ಅದರಿಂದ ನೇಯ್ದ ಘೊಂಗಡಿಗೆ, ಎಂದರೆ ಕಂಬಳಿಗೆ, ಉಳಿದವುಗಳಿಗಿಂತ ಹೆಚ್ಚಿನ ಮರ್ಯಾದೆ, ಹೆಚ್ಚಿನ ಬೆಲೆ. ಹೆಸರು ಒಂದೇ ಆದರೂ ಈ ಎರಡನೆಯ ಜವಳಕ್ಕೆ ಸೋದರಮಾವನೂ ಇಲ್ಲ, ಬೆಲ್ಲವೂ ಇಲ್ಲ. ಹೊಲದ ಬದುವಿನ ಮೇಲೆ, ಬೇವಿನ ಮರದ ನೆರಳಿನಲ್ಲಿ, ಕೆಲವೇ ನಿಮಿಷಗಳಲ್ಲಿ ಅದು ಮುಗಿದುಹೋಗುತ್ತದೆ.

ಗದಗಿನಿಂದ ಮುಳಗುಂದದ ದಾರಿ ಹಿಡಿದು ಹೊರಟವರಿಗೆ ಮಲ್ಲಸಮುದ್ರ ಬಹು ಬೇಗ ಸಿಗುತ್ತದೆ. ಇಂದು ಆ ಊರಿನ ಹೆಸರನ್ನು ಹೊರಗಿನವರು ಕೇಳಿರುವುದು ಹೆಚ್ಚಾಗಿ ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನ ದೆಸೆಯಿಂದ. ರೋಗಿಗಳನ್ನು ಹೊತ್ತ ಗಾಡಿಗಳು ಕೂಗುತ್ತ ಓಡುವ ಅದೇ ರಸ್ತೆಯ ಆಚೀಚೆ ಎರೆಹೊಲಗಳು ಹರಡಿಕೊಂಡಿವೆ. ಜೋಳ, ಹತ್ತಿ, ಕಡಲೆ, ಹೆಸರು, ಉಳ್ಳಾಗಡ್ಡಿ ಈ ಮಣ್ಣಿನ ಮಕ್ಕಳು. ಆಗ್ನೇಯ ದಿಕ್ಕಿನಲ್ಲಿ ಕಪ್ಪತಗುಡ್ಡದ ಸಾಲು ನೀಲಿಯಾಗಿ ಮಲಗಿದೆ. ಸುಗ್ಗಿ ಮುಗಿದು ಹೊಲ ಬಯಲಾಯಿತೆಂದರೆ ಈ ಸೀಮೆಗೆ ಕುರಿಯ ಹಿಂಡುಗಳು ಇಳಿಯುತ್ತವೆ. ರೈತನು ಕುರಿಗಾರನನ್ನು ಕರೆದು ತನ್ನ ಹೊಲದಲ್ಲಿ ಹಿಂಡನ್ನು ರಾತ್ರಿ ತಂಗಿಸಿಕೊಳ್ಳುತ್ತಾನೆ. ಹಿಕ್ಕೆ ಗಂಜಲಗಳು ನೆಲಕ್ಕೆ ಗೊಬ್ಬರವಾಗುತ್ತವೆ. ಪ್ರತಿಯಾಗಿ ಕುರಿಗಾರನಿಗೆ ಕಾಳೋ ಹಣವೋ ದೊರೆಯುತ್ತದೆ. ದೂರದಿಂದ ಬರುವ ಹಿಂಡುಗಳ ಜೊತೆಗೆ ಒಂದೆರಡು ತಟ್ಟು ಕುದುರೆಗಳೂ ಇರುವುದುಂಟು. ಪಾತ್ರೆ ಪಡಗ, ಬಲೆ, ಗೂಟ, ನಡೆಯಲಾರದ ಎಳೆಯ ಮರಿ, ಎಲ್ಲವೂ ಅವುಗಳ ಬೆನ್ನಿನ ಮೇಲೆಯೇ.

ತಟ್ಟುವೂ ಕುರಿಯೂ ಒಂದೇ ಬಯಲಿನಲ್ಲಿ ಮೇಯುವುದನ್ನು ಕಂಡವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಕುದುರೆಯ ಮೈಗೆ ಯಾರೂ ಕತ್ತರಿ ಹಾಕುವುದಿಲ್ಲ. ಕುರಿಗೆ ಮಾತ್ರ ಈ ಶಿಕ್ಷೆಯೇಕೆ? ಕುದುರೆಯ ರೋಮ ಸೂರ್ಯನ ಲೆಕ್ಕವನ್ನು ನೋಡಿ ನಡೆಯತಕ್ಕದ್ದು. ಹಗಲು ಗಿಡ್ಡವಾದಂತೆ ಅದು ದಟ್ಟವಾಗುತ್ತದೆ, ಹಗಲು ಉದ್ದವಾದಂತೆ ತಾನಾಗಿ ಉದುರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ರೋಮ ಅಂಗುಲದುದ್ದ ಬೆಳೆಯುವುದರಿಂದ, ಆ ಕಾಲದಲ್ಲಿ ದುಡಿಯುವ ಕುದುರೆ ಬೆವರಿ ತೊಯ್ದು, ಬೇಗನೆ ಆರದೆ, ನೆಗಡಿ ಹಿಡಿದಂತೆ ನಡುಗುತ್ತದೆ. ಆದುದರಿಂದ ಅಲ್ಲಿಯವರು ಯಂತ್ರದ ಕತ್ತರಿಯಿಂದ ಅದರ ರೋಮ ತೆಗೆದು, ಬಳಿಕ ರಾತ್ರಿಯೆಲ್ಲ ಕಂಬಳಿ ಹೊದಿಸುತ್ತಾರೆ. ದೇವರು ಕೊಟ್ಟ ಅಂಗಿಯನ್ನು ಕಳಚಿ ಅಂಗಡಿಯ ಅಂಗಿಯನ್ನು ತೊಡಿಸುವ ವ್ಯವಹಾರವಿದು. ಗದಗಿನ ಬಿಸಿಲಿಗೆ ಅದರ ಅಗತ್ಯ ಬೀಳದು. ಇಲ್ಲಿಯ ತಟ್ಟುವಿನ ಬೆನ್ನಿಗೆ ಹೊರೆಯ ಹಗ್ಗ ಒತ್ತದಂತೆ ಹಾಸುವ ಕಂಬಳಿಯೂ, ಪಕ್ಕದಲ್ಲಿ ಮೇಯುವ ಕುರಿಯಿಂದ ಬಂದುದೇ ಎಂಬುದು ಬೇರೆ ಮಾತು.

ಕುರಿಯ ಕಥೆ ಹಾಗಲ್ಲ. ಕಾಡುಕುರಿಗಳು ಇಂದಿಗೂ ವರ್ಷಕ್ಕೊಮ್ಮೆ ರೋಮ ಉದುರಿಸುತ್ತವೆ. ಮನುಷ್ಯನು ಸಾವಿರಾರು ವರ್ಷಗಳ ಕಾಲ, ಉಣ್ಣೆ ಉದುರಿಸದೆ ಮೈಮೇಲೆ ಉಳಿಸಿಕೊಳ್ಳುವ ಕುರಿಗಳನ್ನೇ ಆರಿಸಿ ಆರಿಸಿ ಸಾಕಿದನು. ಅದರ ಫಲವಾಗಿ ಉಣ್ಣೆಯ ತಳಿಗಳಿಗೆ ಅಂಗಿ ಕಳಚುವ ವಿದ್ಯೆಯೇ ಮರೆತುಹೋಯಿತು. ೨೦೧೫ರಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ಬಳಿ ಹಿಂಡು ತಪ್ಪಿ ವರ್ಷಗಟ್ಟಲೆ ಅಲೆದಿದ್ದ ಒಂದು ಮೆರಿನೋ ಟಗರು ಸಿಕ್ಕಿತು. ಅದರ ಮೈಯಿಂದ ಇಳಿಸಿದ ಉಣ್ಣೆ ತೂಗಿದ್ದು ೪೧ ಕಿಲೋಗಿಂತ ಹೆಚ್ಚು. ಇನ್ನಷ್ಟು ಕಾಲ ಹಾಗೆಯೇ ಬಿಟ್ಟಿದ್ದರೆ ಅದು ತನ್ನ ಹೊದಿಕೆಯ ಕೆಳಗೇ ಸಾಯುತ್ತಿತ್ತು. ಕತ್ತರಿ ಹಾಕುವುದು ಶಿಕ್ಷೆಯಲ್ಲ, ಮನುಷ್ಯನು ಹಿಂದೆ ಮಾಡಿಟ್ಟ ಸಾಲವನ್ನು ತೀರಿಸುವ ಬಗೆ.

ಗದಗ ಸೀಮೆಯ ಉಣ್ಣೆಯ ಕುರಿ ಮೆರಿನೋ ಅಲ್ಲ, ದಖನಿ. ಮಹಾರಾಷ್ಟ್ರ, ತೆಲಂಗಾಣ, ಕರ್ನಾಟಕಗಳ ಒಣ ಬಯಲುಗಳಲ್ಲಿ ಹರಡಿರುವ, ಹೆಚ್ಚಾಗಿ ಕಪ್ಪು ಬಣ್ಣದ, ಸಣ್ಣ ಮೈಕಟ್ಟಿನ, ಬಹುದೂರ ನಡೆಯಬಲ್ಲ ಪ್ರಾಣಿ. ಇದರ ಉಣ್ಣೆ ಒರಟು. ಮೆರಿನೋ ಕುರಿಯ ಎಳೆ ಸುಮಾರು ೨೦ ಮೈಕ್ರಾನ್ ದಪ್ಪವಿದ್ದರೆ ದಖನಿಯದು ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಮೆರಿನೋ ವರ್ಷಕ್ಕೆ ನಾಲ್ಕೈದು ಕಿಲೋ ಕೊಟ್ಟೀತು. ದಖನಿಯ ಒಂದು ಕತ್ತರಿಗೆ ಇಳಿಯುವುದು ಕಾಲು ಕಿಲೋದ ಆಸುಪಾಸು, ಬಹಳವಾದರೆ ಅರ್ಧ ಕಿಲೋ. ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮೊದಲೊಮ್ಮೆ ಮತ್ತು ಅದು ಹಿಂದಾದ ಮೇಲೊಮ್ಮೆ, ಕತ್ತರಿಸುವುದು ರೂಢಿ.

ದೀಪಾವಳಿಯ ಆಸುಪಾಸಿನಲ್ಲಿ ಹುಟ್ಟಿದ ಮರಿಗೆ ಬೇಸಗೆಯ ಕೊನೆಗೆ ಆರು ತಿಂಗಳು ತುಂಬಿರುತ್ತದೆ. ಅದರ ಮೊದಲ ಕತ್ತರಿಯ ಹೊತ್ತು ಅದೇ. ಇಲ್ಲಿ ಒಂದು ಇಕ್ಕಟ್ಟುಂಟು. ಉಣ್ಣೆ ಹೊತ್ತುಕೊಂಡು ಮಳೆಗೆ ಸಿಕ್ಕ ಮರಿ ನೆನೆದು ಭಾರವಾಗುತ್ತದೆ, ಕೆಸರು ಮೆತ್ತಿಕೊಳ್ಳುತ್ತದೆ, ಮೈಯಲ್ಲಿ ಹುಳು ಬೀಳುತ್ತದೆ. ಹಾಗೆಂದು ಮಳೆ ಬರುವ ಮುನ್ನಾದಿನ ಕತ್ತರಿಸಿದರೆ ಬೋಳು ಮೈ ಚಳಿಗೆ ಸಿಕ್ಕಿ ಮರಿ ಒಂದೇ ರಾತ್ರಿಯಲ್ಲಿ ಕೈಬಿಡಬಹುದು. ಕುರಿಯ ಮೈಯ ಶಾಖ ಮನುಷ್ಯನದಕ್ಕಿಂತ ಹೆಚ್ಚು, ೩೯ ಡಿಗ್ರಿ ಸೆಲ್ಸಿಯಸ್‌ನ ಸುಮಾರು; ಅದನ್ನು ಕಾದಿರಿಸಿಕೊಳ್ಳಲು ಅಷ್ಟಿಷ್ಟಾದರೂ ಹೊಸ ಉಣ್ಣೆ ಮೊಳೆತಿರಬೇಕು. ಮೂರು ನಾಲ್ಕು ವಾರಗಳ ಅಂತರವಿದ್ದರೆ ಸರಿ. ಮಳೆ ಎಂದು ಬರುತ್ತದೆಂದು ಹೇಳುವವರಾರು? ಅನುಭವಸ್ಥ ಕುರಿಗಾರ ಗಾಳಿಯ ದಿಕ್ಕನ್ನು ನೋಡಿ ಲೆಕ್ಕ ಹಾಕುತ್ತಾನೆ. ಅವನ ಲೆಕ್ಕವೂ ತಪ್ಪುವುದುಂಟು. ಆಗ ಕತ್ತರಿಸಿದ ಮರಿಗಳನ್ನು ಗುಡಿಸಲಿನೊಳಕ್ಕೆ ತಂದು, ಮನೆಮಂದಿಯ ನಡುವೆ ಮಲಗಿಸಿಕೊಂಡು, ತನ್ನ ಕಂಬಳಿಯನ್ನು ಅವುಗಳ ಮೇಲೆ ಹಾಕಿ ಬೆಳಗು ಮಾಡುವವನೂ ಅವನೇ.

ಕತ್ತರಿಸುವ ಮೊದಲು ಹಿಂಡನ್ನು ಹಳ್ಳಕ್ಕೋ ಕೆರೆಗೋ ಇಳಿಸಿ ತೊಳೆಯಬೇಕೆಂಬುದು ಹಳೆಯ ಕ್ರಮ. ಬೇಸಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗಿರುವಾಗ ತೊಳೆಯುವ ಮಾತು ಎಲ್ಲಿಯದು? ಅದರಿಂದ ಮುಂಗಾರಿಗೆ ಮೊದಲಿನ ಉಣ್ಣೆಯಲ್ಲಿ ಮಣ್ಣು ಹೆಚ್ಚು. ನೀರು ಸಿಕ್ಕಿ ತೊಳೆದರೂ ಒಂದೆರಡು ದಿನ ಬಿಸಿಲಿನಲ್ಲಿ ಮೈ ಪೂರ್ತಿ ಆರಬೇಕು. ಹಸಿ ಉಣ್ಣೆ ಕತ್ತರಿಗೆ ಜಾರುತ್ತದೆ, ಚೀಲದಲ್ಲಿ ಮುಗ್ಗುತ್ತದೆ. ಹಿಂದಿನ ರಾತ್ರಿ ಮರಿಗೆ ಮೇವಿಲ್ಲ. ಹೊಟ್ಟೆ ತುಂಬಿದ ಮರಿಯನ್ನು ಅಂಗಾತ ಕೆಡವಿದರೆ ಅದಕ್ಕೆ ಉಸಿರು ಕಟ್ಟುತ್ತದೆ; ಒದೆಯುತ್ತದೆ; ಒದ್ದರೆ ಗಾಯ. ಉಪವಾಸ ದಯೆಯಿಲ್ಲದ ಕೆಲಸವೆಂದು ಕಂಡರೂ ಮರಿಯ ಹಿತಕ್ಕೆಂದೇ ಮಾಡತಕ್ಕದ್ದು.

ಇನ್ನು ಕತ್ತರಿ. ಊರ ಕಮ್ಮಾರ ಕಬ್ಬಿಣವನ್ನು ಬಡಿದು ಮಾಡಿಕೊಟ್ಟ, ಒಂದು ಗೇಣಿಗಿಂತ ಉದ್ದವಾದ ಎರಡು ಅಲಗುಗಳ ಸಾಧನ. ದರ್ಜಿಯ ಕತ್ತರಿಯ ನಾಜೂಕು ಅದಕ್ಕಿಲ್ಲ. ಆದರೆ ಕೈಗೆ ಕುಳಿತರೆ ಅದು ದಿನಕ್ಕೆ ಮೂವತ್ತರ ಸುಮಾರು ಕುರಿಗಳನ್ನು ಮುಗಿಸಬಲ್ಲುದು. ಪ್ರಪಂಚದ ಲೆಕ್ಕದಲ್ಲಿ ಇದು ದೊಡ್ಡ ಸಂಖ್ಯೆಯಲ್ಲ. ೧೮೯೨ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಜ್ಯಾಕಿ ಹೋ ಎಂಬಾತ ಯಂತ್ರವಿಲ್ಲದೆ, ಕೈಕತ್ತರಿಯಿಂದಲೇ ಒಂದು ದಿನದಲ್ಲಿ ೩೨೧ ಕುರಿಗಳ ಉಣ್ಣೆ ಇಳಿಸಿದನು. ಅಂಥ ಓಟಕ್ಕೆ ಮಲ್ಲಸಮುದ್ರದ ಬದುವಿನ ಮೇಲೆ ಯಾವ ಪ್ರೇರಣೆಯೂ ಇಲ್ಲ. ಇಲ್ಲಿ ಕೆಲಸ ಮುಯ್ಯಿಯದು. ಇಂದು ಒಬ್ಬನ ಹಿಂಡಿಗೆ ನಾಲ್ವರು ನೆಂಟರು ಬಂದು ಕೂತರೆ ನಾಳೆ ಆ ನಾಲ್ವರ ಹಿಂಡಿಗೆ ಇವನು ಹೋಗಬೇಕು. ನಡುವೆ ಊಟ, ಎಲೆಯಡಿಕೆ, ಹರಟೆ.

ಇಂಥ ಕೂಟದಲ್ಲಿಯೇ ಹುಡುಗನ ಕೈಗೆ ಕತ್ತರಿ ಬರುವುದು. ಹದಿನಾಲ್ಕೋ ಹದಿನೈದೋ ವಯಸ್ಸು. ಅಲ್ಲಿಯವರೆಗೆ ಅವನ ಕೆಲಸ ಕುರಿ ಹಿಡಿದುಕೊಡುವುದು, ಕಾಲು ಕಟ್ಟುವುದು, ಉಣ್ಣೆ ಬಳಿದು ಚೀಲಕ್ಕೆ ತುಂಬುವುದು. ಕಲಿಯುವವನಿಗೆ ಮೊದಲು ಮರಿಯನ್ನು ಕೊಡುವುದಿಲ್ಲ. ಹತ್ತು ಸಲ ಕತ್ತರಿ ಕಂಡು ಹಣ್ಣಾದ ಮುದಿ ಕುರಿಯನ್ನು ಕೊಡುತ್ತಾರೆ. ಅದು ಕೆಡವಿದಲ್ಲೇ ಮಲಗಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುವಂತೆ ಬಾಯಾಡಿಸುತ್ತದೆ. ಕಲಿಯುವವನ ತಪ್ಪುಗಳನ್ನು ಸಹಿಸುವ ಗುರುವಿನಂತೆ ತೋರುತ್ತದೆ. ಮರಿಯಾದರೋ ಏನನ್ನೂ ಅರಿಯದು. ತಾಯಿಯಿಂದ ಬೇರೆ ಮಾಡಿದುದೇ ಅದಕ್ಕೆ ದೊಡ್ಡ ಭಯ. ಅದರ ಮೇಲೆ ಹಗ್ಗ, ಅದರ ಮೇಲೆ ಕಿವಿಯ ಪಕ್ಕದಲ್ಲಿ ಕಬ್ಬಿಣದ ಕಿರಿಕಿರಿ ಸದ್ದು. ಆದ್ದರಿಂದ ಮರಿಯ ಮೊದಲ ಕತ್ತರಿ ಮನೆಯ ಅತಿ ನುರಿತ ಕೈಗೆ ಸೇರಿದ್ದು. ಹುಡುಗನು ಒಂದೆರಡು ವರ್ಷ ದೊಡ್ಡ ಕುರಿಗಳ ಮೇಲೆ ಕೈ ಪಳಗಿಸಿ, ಆಮೇಲೆ ಒಂದು ದಿನ, ಹಿರಿಯನ ಕಣ್ಣೆದುರಿಗೆ, ಮರಿಗೆ ಕೈ ಹಾಕಬಹುದು.

ಮರಿಯನ್ನು ಪಕ್ಕಕ್ಕೆ ಮಲಗಿಸಿ ಮುಂಗಾಲೆರಡನ್ನೂ ಹಿಂಗಾಲೊಂದನ್ನೂ ಸೇರಿಸಿ ಮೆತ್ತನೆಯ ಹಗ್ಗದಿಂದ ಕಟ್ಟುತ್ತಾರೆ. ಬಿಗಿದರೆ ಕಾಲು ಜೋಮು ಹಿಡಿಯುತ್ತದೆ, ಸಡಿಲವಾದರೆ ಒದೆತ. ಆಮೇಲೆ ಹಿರಿಯನು ಹೇಳುವ ಮೊದಲ ಮಾತು ಕೈಗಳೆರಡನ್ನೂ ಕುರಿತದ್ದು. ಬಲಗೈ ಕತ್ತರಿಯದೆಂದು ಹುಡುಗನು ತಿಳಿದಿರುತ್ತಾನೆ. ಕೆಲಸ ಎಡಗೈಯದೆಂದು ಅಂದು ಅವನಿಗೆ ತಿಳಿಯುತ್ತದೆ. ಎಡಗೈ ಅಂಗೈಯಿಂದ ಚರ್ಮವನ್ನು ಒತ್ತಿ ಹಿಂದಕ್ಕೆ ಎಳೆದು ಹಲಗೆಯಂತೆ ಬಿಗಿಮಾಡಬೇಕು. ಹೊಸಬನು ಉಣ್ಣೆಯನ್ನು ಮುಷ್ಟಿಯಲ್ಲಿ ಹಿಡಿದು ಮೇಲಕ್ಕೆತ್ತುತ್ತಾನೆ. ಉಣ್ಣೆಯ ಜೊತೆಗೆ ತೊಗಲೂ ಗುಡಾರದಂತೆ ಮೇಲೇಳುತ್ತದೆ. ಕತ್ತರಿಗೆ ಉಣ್ಣೆ ಯಾವುದು ತೊಗಲು ಯಾವುದು ಎಂಬ ಭೇದವಿಲ್ಲ. ಕುರಿಮರಿಗಳ ಮೈಮೇಲಿನ ಗಾಯಗಳಲ್ಲಿ ಬಹುಪಾಲು ಈ ಒಂದು ತಪ್ಪಿನಿಂದಾದವು.

ಅಲಗು ತೊಗಲಿಗೆ ಸಮವಾಗಿ ಮಲಗಿರಬೇಕು, ಮೊನೆ ಕೆಳಕ್ಕೆ ಬಾಗಕೂಡದು. ಬೆನ್ನು, ಪಕ್ಕೆಗಳು ಸುಲಭದ ಬಯಲು. ಅಲ್ಲಿ ಕತ್ತರಿ ಉದ್ದುದ್ದ ಹೆಜ್ಜೆ ಹಾಕಬಹುದು. ಕಂಕುಳು, ತೊಡೆಯ ಸಂದು, ಕಿವಿಯ ಬುಡ, ಹೊಟ್ಟೆಯ ಅಡಿ, ಇಲ್ಲೆಲ್ಲ ತೊಗಲು ಹಳೆಯ ಕಾಗದದಷ್ಟು ತೆಳುವು. ಹೆಣ್ಣುಮರಿಯಾದರೆ ಮೊಲೆಯ ತೊಟ್ಟು ಸಾಸಿವೆಯ ಕಾಳಿನಂತೆ ಉಣ್ಣೆಯಲ್ಲಿ ಅಡಗಿರುತ್ತದೆ; ಅದನ್ನು ಕತ್ತರಿಸಿದವನು ಮುಂದೆ ಹುಟ್ಟುವ ಮರಿಯ ಬಾಯಿಂದ ಹಾಲನ್ನು ಕಿತ್ತಂತೆ. ಅಲ್ಲಿ ಬೆರಳಿಟ್ಟು ಮುಚ್ಚಿಕೊಂಡೇ ಕತ್ತರಿ ಆಡಿಸಬೇಕು. ಇನ್ನೊಂದು ಸೂಕ್ಷ್ಮವಿದೆ. ಹೊಸಬನು ಮೇಲೆ ಮೇಲೆ ಕತ್ತರಿಸಿ, ಚೆನ್ನಾಗಿ ಕಾಣಲಿಲ್ಲವೆಂದು ಅದೇ ಜಾಗದಲ್ಲಿ ಎರಡನೆಯ ಸಲ ಆಡಿಸುತ್ತಾನೆ. ಮರಿ ಚೆಂದವಾಗುತ್ತದೆ, ಉಣ್ಣೆ ಕೆಡುತ್ತದೆ; ಎರಡನೆಯ ಸಲ ಬಿದ್ದ ಗಿಡ್ಡ ಚೂರುಗಳು ನೂಲಿನಲ್ಲಿ ನಿಲ್ಲದೆ ಗಂಟಾಗಿ ಉದುರುತ್ತವೆ. ಕತ್ತರಿಸಿದ ಮರಿ ಮೆಟ್ಟಿಲು ಮೆಟ್ಟಿಲಾಗಿ ಕಂಡರೂ ಚಿಂತೆಯಿಲ್ಲ, ಎರಡು ವಾರಗಳಲ್ಲಿ ಅದು ಮುಚ್ಚಿಹೋಗುತ್ತದೆ.

ಗಾಯವಾದರೆ ಅರಿಸಿನ, ಬೇವಿನೆಣ್ಣೆ. ಇಂದಿನ ದಿನ ಪಶುವೈದ್ಯರು ಕೊಡುವ ಮುಲಾಮು. ಅಲಕ್ಷ್ಯ ಮಾಡಿದರೆ ನೊಣ ಕುಳಿತು ಹುಳು ಬೀಳುವುದು ತಡವಾಗದು. ಉಣ್ಣೆ ಇಳಿದಾಗಲೇ ಉಣ್ಣಿ ಕಾಣುವುದು. ಕನ್ನಡದಲ್ಲಿ ಈ ಎರಡು ಶಬ್ದಗಳು ಅಕ್ಕಪಕ್ಕದಲ್ಲಿರುವುದು ಕುರಿಗಾರನ ದಿನಚರಿಗೆ ಒಪ್ಪುವಂತಿದೆ. ತುಪ್ಪಟದೊಳಗೆ ತಿಂಗಳುಗಟ್ಟಲೆ ಅಡಗಿ ರಕ್ತ ಹೀರಿದ ಹುಳು ಬಯಲಿಗೆ ಬೀಳುತ್ತದೆ. ಗಾಯಗಳು ಮಾಗಿದ ಮೇಲೆ, ಒಂದೆರಡು ವಾರ ಬಿಟ್ಟು, ಔಷಧಿಯ ನೀರಿನಲ್ಲಿ ಮೀಯಿಸಿದರೆ ಮರಿಗೆ ಹೊಸ ಜನ್ಮ ಬಂದಂತೆ.

ಇಷ್ಟೆಲ್ಲ ಜೋಪಾನದಿಂದ ಇಳಿಸಿದ ಉಣ್ಣೆ ಮುಷ್ಟಿಗಳ ಲೆಕ್ಕದ್ದು. ಆದರೆ ಆ ಕುರಿ ತನ್ನ ಆಯುಷ್ಯದಲ್ಲಿ ಮುಂದೆ ಎಂದೂ ಅಂಥ ಉಣ್ಣೆಯನ್ನು ಕೊಡಲಾರದು. ಕಾರಣ ಸರಳವಾಗಿದೆ. ಮರಿಯ ಎಳೆ ಹುಟ್ಟಿದಂದಿನಿಂದ ಕತ್ತರಿ ಕಾಣದೆ ಬೆಳೆದುದು. ಅದರ ತುದಿ ಎಳೆಯ ಹುಲ್ಲಿನ ತುದಿಯಂತೆ ಸಣ್ಣಗಾಗುತ್ತ ಹೋಗಿ ಚೂಪಾಗಿ ಮುಗಿಯುತ್ತದೆ. ಒಮ್ಮೆ ಕತ್ತರಿಸಿದ ಮೇಲೆ ಹುಟ್ಟುವ ಎಳೆಗೆ ಎರಡು ತುದಿಯೂ ಮೊಂಡು, ಕೊಯ್ದ ದಂಟಿನಂತೆ. ಮೈಗೆ ಚುಚ್ಚುವುದು ಆ ಮೊಂಡು ತುದಿಯೇ. ಎಳೆಯ ದಪ್ಪವೂ ವಯಸ್ಸಿನೊಂದಿಗೆ ಹೆಚ್ಚುತ್ತದೆ. ಬಣ್ಣದ ಮಾತೂ ಹಾಗೆಯೇ. ದಖನಿಯ ಮರಿ ಕಾಡಿಗೆಯ ಕಪ್ಪಿನಲ್ಲಿ ಹುಟ್ಟಿ, ಬಿಸಿಲುಂಡಂತೆಲ್ಲ ತುದಿಯಲ್ಲಿ ಕೆಂಚಗಾಗಿ, ಮುದಿತನದಲ್ಲಿ ನರೆಯುತ್ತದೆ. ಬಣ್ಣ ಹಾಕದ ಕಂಬಳಿಗೆ ಒಳ್ಳೆಯ ಕಪ್ಪು ಬೇಕೆಂದರೆ ಮರಿಯ ಉಣ್ಣೆಯೇ ಬೇಕು. ಹಾಗೆಂದು ಇದು ಮೆರಿನೋ ಶಾಲು ಆದೀತೆಂದು ಆಸೆಪಡುವುದು ತಪ್ಪು. ಇದು ಒರಟು ತಳಿಯ ಮೃದುವಾದ ಉಣ್ಣೆ, ಅಷ್ಟೆ. ಆದರೆ ಅದೇ ಹಿಂಡಿನ ಮುದಿ ಟಗರಿನ ಉಣ್ಣೆಯ ಪಕ್ಕದಲ್ಲಿಟ್ಟು ಕೆನ್ನೆಗೆ ತಾಗಿಸಿದರೆ ಕುರುಡನೂ ಭೇದವನ್ನು ಹೇಳುವನು.

ಹಿಂದಿನ ಗೃಹಿಣಿಯರು ಇದನ್ನು ಬಲ್ಲವರು. ಕುರುಬರ ಮನೆಗಳಲ್ಲಿ ನೂಲುವುದು ಹೆಂಗಸರ ಕೈ, ನೇಯುವುದು ಗಂಡಸರ ಕೈ. ಉಣ್ಣೆಯನ್ನು ಬಿಲ್ಲಿನ ಹೆದೆಯಿಂದ ಬಡಿದು ಬಿಡಿಸಿ, ರಾಟಿಯಲ್ಲಿ ನೂತು, ಹಾಸಿಗೆ ಹುಣಸೆಯ ಬೀಜದ ಗಂಜಿಯನ್ನು ತೊಡೆದು, ಕುಣಿಮಗ್ಗದಲ್ಲಿ ನೇಯ್ದರೆ ಕಂಬಳಿ. ಎರಡೂವರೆ ಮೂರು ಕಿಲೋ ತೂಗುವ ಒಂದು ಕಂಬಳಿಗೆ ಎಂಟು ಹತ್ತು ಕುರಿಗಳ ಒಂದು ಕತ್ತರಿಯ ಉಣ್ಣೆ ಬೇಕು. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮುಟ್ಟಿದವರಿಗೆ ಒದ್ದೆಯೆನಿಸದು. ಆದುದರಿಂದಲೇ ಮಡಿಚಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡವನು ಜಡಿಮಳೆಯಲ್ಲಿಯೂ ಹೊಲದಲ್ಲಿ ನಿಲ್ಲಬಲ್ಲ. ಕಾಗಿನೆಲೆಯ ಕನಕದಾಸರನ್ನು ಚಿತ್ರಿಸುವವರು ಹೆಗಲ ಮೇಲೆ ಕಂಬಳಿ ಬರೆಯುವುದನ್ನು ಮರೆಯುವುದಿಲ್ಲ. ಕುರುಬರ ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಹಾಸುವುದೂ ಕಂಬಳಿಯನ್ನೇ. ಕುಲದೊಳಗಿನ ಪಂಗಡಗಳಿಗೂ ಹತ್ತಿ ಕಂಕಣ, ಉಣ್ಣೆ ಕಂಕಣ ಎಂದೇ ಹೆಸರು. ಮದುವೆಯಲ್ಲಿ ಕಟ್ಟುವ ದಾರ ಯಾವುದರದೆಂಬುದರ ಮೇಲೆ ಆ ವಿಂಗಡಣೆ.

ಸಂಜೆ ಕಟ್ಟು ಬಿಚ್ಚಿದ ಮೇಲೆ ಒಂದು ನೋಟ ಕಾಣುತ್ತದೆ. ಕತ್ತರಿಸಿದ ಕುರಿಗಳನ್ನೂ ಮರಿಗಳನ್ನೂ ಒಟ್ಟಿಗೆ ಬಿಟ್ಟಾಗ ಹಟ್ಟಿಯಲ್ಲಿ ಗದ್ದಲವೋ ಗದ್ದಲ. ಬೆಳಗ್ಗೆ ನೋಡಿದ ತಾಯಿ ದಪ್ಪವಾಗಿದ್ದಳು. ಈಗ ಎದುರಿಗೆ ನಿಂತ ಬೋಳು ಪ್ರಾಣಿ ಯಾರು? ಮರಿ ಹತ್ತಿರ ಹೋಗಿ, ಬೆದರಿ, ಹಿಂದೆ ಸರಿದು, ಬೇರೆಲ್ಲೋ ಓಡುತ್ತದೆ. ಮರಿಗೆ ದೂರದ ಗುರುತು ಕಣ್ಣಿನದು; ಆ ಗುರುತನ್ನು ಕತ್ತರಿ ಕದ್ದಿರುತ್ತದೆ. ತಾಯಿ ಕೂಗಬೇಕು, ಮರಿ ಆ ದನಿಯನ್ನು ಹಿಡಿದು ಬರಬೇಕು, ತಾಯಿ ಮೂಸಿ ನೋಡಿ ಒಪ್ಪಿಕೊಳ್ಳಬೇಕು. ಕತ್ತಲಾಗುವ ಹೊತ್ತಿಗೆ ಎಲ್ಲ ಸರಿಹೋಗುತ್ತದೆ.

ಸರಿಹೋಗದೆ ಉಳಿದಿರುವುದು ಚೀಲದೊಳಗಿನ ಉಣ್ಣೆಯ ಗತಿ. ಇಂದು ಅನೇಕ ಕಡೆಗಳಲ್ಲಿ ಒರಟು ಉಣ್ಣೆಗೆ ಬರುವ ಹಣ ಕತ್ತರಿಸಿದ ಕೂಲಿಗೂ ಸಾಲದು. ಮುಯ್ಯಿಗೆ ನೆಂಟರು ಸಿಗದೆ ಕೂಲಿಯವರನ್ನು ಕರೆದವನು ಕೈಯಿಂದ ಹಣ ಕೊಟ್ಟು ಉಣ್ಣೆ ತೆಗೆಸಿ, ಕೊಳ್ಳುವವರಿಲ್ಲದೆ ಅದನ್ನು ಬೇಲಿಗೆ ಎಸೆಯುವುದುಂಟು. ಪಾಣಿಪತ್ತಿನ ಗಿರಣಿಗಳಲ್ಲಿ ಹಳೆಯ ಬಟ್ಟೆಯ ಚಿಂದಿಯನ್ನು ಬಿಡಿಸಿ ನೂತ ಅಗ್ಗದ ಹೊದಿಕೆಗಳೂ, ಪಾಲಿಯೆಸ್ಟರಿನ ನುಣುಪು ರಗ್ಗುಗಳೂ ಹಳ್ಳಿಯ ಸಂತೆಯವರೆಗೆ ಬಂದಿವೆ. ಅವು ಬಣ್ಣ ಬಣ್ಣವಾಗಿವೆ, ಹಗುರವಾಗಿವೆ, ಚುಚ್ಚುವುದಿಲ್ಲ. ಕೊಳ್ಳುವವರನ್ನು ದೂರಿ ಫಲವೇನು? ಉಣ್ಣೆಯೆಂದು ಹೇಳಿ ಮಾರಿದುದನ್ನು ಪರೀಕ್ಷಿಸಬೇಕೆನ್ನುವ ಗೃಹಿಣಿಯರಿಗೆ ಮಾತ್ರ ಒಂದು ಉಪಾಯವುಂಟು. ಅಂಚಿನಿಂದ ಒಂದು ಎಳೆಯನ್ನು ಕಿತ್ತು, ಚಿಮ್ಮಟದಲ್ಲಿ ಹಿಡಿದು, ದೀಪಕ್ಕೆ ತಾಗಿಸಿ ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೇಗ ಆರಿ, ಬೆರಳಿನಲ್ಲಿ ಹುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕುರಿಗಾರನು ಲೆಕ್ಕ ತಿಳಿಯದವನಲ್ಲ. ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭವೆಂಬ ಗಾದೆ ಇಂದು ಅಕ್ಷರಶಃ ನಿಜವಾಗಿದೆ; ಹಣ ಬರುವುದು ಮಾಂಸಕ್ಕೆ, ಉಣ್ಣೆಗಲ್ಲ. ಆದುದರಿಂದ ಕಪ್ಪು ದಖನಿಯನ್ನು ಬಿಟ್ಟು ಕೊಪ್ಪಳ ರಾಯಚೂರು ಕಡೆಯ ಕೆಂಗುರಿಯನ್ನೋ ಬಾಗಲಕೋಟೆ ಕಡೆಯ ಯಳಗವನ್ನೋ ಸಾಕುವವರು ಹೆಚ್ಚಾದರು. ಅವಕ್ಕೆ ಮೈಮೇಲಿರುವುದು ಕತ್ತರಿಸಬೇಕಾಗದ ಗಿಡ್ಡ ರೋಮ. ಹಿಂಡು ಕೆಂಪಾದ ಮನೆಯಲ್ಲಿ ಕತ್ತರಿಗೆ ಕೆಲಸವಿಲ್ಲ. ಹುಡುಗನಿಗೆ ಕಲಿಸುವ ಪ್ರಸಂಗವೂ ಇಲ್ಲ. ಇದನ್ನು ಅವನತಿಯೆಂದು ಪಟ್ಟಣದಲ್ಲಿ ಕುಳಿತು ಮರುಗುವವರು ಒಂದು ಬೇಸಗೆ ಮೂವತ್ತು ಕುರಿಗಳ ಮುಂದೆ ಬೆನ್ನು ಬಗ್ಗಿಸಿ ಕೂತು ನೋಡುವುದು ಒಳ್ಳೆಯದು.

ಸರಕಾರವೂ ಸುಮ್ಮನಿರಲಿಲ್ಲ. ೧೯೬೨ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಹುಟ್ಟಿತು. ದಖನಿ ಕುರಿಗೆ ಮೆರಿನೋ, ರಾಂಬುಲೆ ಮುಂತಾದ ನಯವುಣ್ಣೆಯ ಹೊರನಾಡಿನ ಟಗರುಗಳನ್ನು ಕೂಡಿಸುವ ಪ್ರಯೋಗಗಳು ಮಹಾರಾಷ್ಟ್ರದ ರಾಹುರಿಯೇ ಮೊದಲಾದ ಕಡೆ ನಡೆದವು. ಉಣ್ಣೆ ನಯವಾಯಿತು, ಆದರೆ ಕುರಿಗಾರನಿಗೆ ಬೇಕಾದುದು ಬಿಸಿಲಿನಲ್ಲಿ ಹತ್ತಾರು ಮೈಲಿ ನಡೆದು, ಒಣ ಕಡ್ಡಿ ತಿಂದು ಬದುಕುವ ಪ್ರಾಣಿ. ನಡೆಯಲಾರದ ಕುರಿಯ ನಯವುಣ್ಣೆಯನ್ನು ಕಟ್ಟಿಕೊಂಡು ಅವನೇನು ಮಾಡಿಯಾನು? ಹೊಸ ರಕ್ತವನ್ನು ಅಷ್ಟು ದೂರದಿಂದ ತಂದವರು, ತಮ್ಮ ಕಾಲ ಬುಡದಲ್ಲಿಯೇ ವರ್ಷವರ್ಷವೂ ಬಂದುಹೋಗುವ ಮೃದುವಾದ ಉಣ್ಣೆಯೊಂದರ ಕಡೆ ಹೆಚ್ಚು ಗಮನ ಕೊಡಲಿಲ್ಲವೆಂಬುದು ಸೋಜಿಗ.

ಏತಕ್ಕೆಂದರೆ, ಮೊದಲ ಕತ್ತರಿಯ ಉಣ್ಣೆ ಸಾಯುವುದು ಚೀಲದಲ್ಲಿ. ಮರಿಯದು, ಮುದಿಯದು, ಹೊಟ್ಟೆಯ ಕೊಳೆಯುಣ್ಣೆ, ಬಾಲದ ಹಿಕ್ಕೆಯುಣ್ಣೆ, ಎಲ್ಲವನ್ನೂ ಒಂದೇ ಗೋಣಿಗೆ ತುಂಬಿ ವ್ಯಾಪಾರಿಯ ಮುಂದಿಟ್ಟರೆ ಅವನು ಅದರಲ್ಲಿ ಅತಿ ಕೀಳಾದುದರ ಬೆಲೆಯನ್ನು ಕಟ್ಟುತ್ತಾನೆ. ಬೆರೆತ ಉಣ್ಣೆಯನ್ನು ಮರಳಿ ಬೇರ್ಪಡಿಸಲು ಯಾರಿಂದಲೂ ಆಗದು. ಕತ್ತರಿಸುವ ಹೊತ್ತಿನಲ್ಲಿಯೇ ಇನ್ನೊಂದು ಚೀಲವನ್ನು ಪಕ್ಕದಲ್ಲಿಟ್ಟುಕೊಳ್ಳುವುದಕ್ಕೆ ಬಂಡವಾಳವೂ ಬ್ಯಾಂಕಿನ ಸಾಲವೂ ಬೇಡ. ೧೯೦೫ರಷ್ಟು ಹಿಂದೆಯೇ ದೇಶಕ್ಕೆ ಮೊದಲ ಕೃಷಿ ಸಹಕಾರಿ ಸಂಘವನ್ನು ಕೊಟ್ಟ ಕಣಗಿನಹಾಳ ಇದೇ ಗದಗ ತಾಲ್ಲೂಕಿನ ಊರು. ಹತ್ತು ಹಿಂಡುಗಳ ಮರಿಯುಣ್ಣೆಯನ್ನು ಒಂದೆಡೆ ಕೂಡಿಸಿ, ಕೂಸಿನ ಹೊದಿಕೆಗೋ ಮುದುಕರ ಹೆಗಲಿಗೋ ಆಗುವಂತೆ ತೆಳುವಾಗಿ ನೇಯಿಸಿ ಮಾರುವ ಕೆಲಸ ಅಂಥ ಸೀಮೆಗೆ ಮೀರಿದ್ದೆಂದು ಹೇಳಲಾಗದು. ಮರಾಠಿ ಸೀಮೆಯಲ್ಲಿ ಜಾವಳದ ಘೊಂಗಡಿಯನ್ನು ಕೇಳಿಕೊಂಡು ಬಂದು ಹೆಚ್ಚು ಹಣ ತೆತ್ತು ಒಯ್ಯುವವರು ಇಂದಿಗೂ ಇದ್ದಾರೆ. ಅಲ್ಲಿಯ ಕುರಿಯೂ ಇದೇ ದಖನಿ.

ಮರಿಗಳೆಲ್ಲ ಮುಗಿದ ಮೇಲೆ ಹಿರಿಯನು ಕತ್ತರಿಯನ್ನು ಸಾಣೆಕಲ್ಲಿಗೆ ತಿಕ್ಕಿ, ಒರೆಸಿ, ಚೀಲದಿಂದ ತೊಳೆಯದ ಉಣ್ಣೆಯ ಒಂದು ಹಿಡಿಯನ್ನು ತೆಗೆದು ಅಲಗುಗಳ ಸುತ್ತ ಸುತ್ತಿಡುತ್ತಾನೆ. ಕುರಿಯ ಮೈಯಿಂದ ಬಂದ ಜಿಡ್ಡು ಆ ಉಣ್ಣೆಯಲ್ಲಿರುತ್ತದೆ. ಮಳೆಗಾಲವೆಲ್ಲ ಕಳೆದರೂ ಕಬ್ಬಿಣಕ್ಕೆ ತುಕ್ಕು ಹತ್ತದು. ದಿನವಿಡೀ ಕೆಲಸ ಮಾಡಿದವರ ಅಂಗೈಗಳೂ ಅದೇ ಜಿಡ್ಡಿನಿಂದ ಮೆತ್ತಗಾಗಿರುತ್ತವೆ. ಹುಡುಗನು ಕೈ ತೊಳೆಯಲು ಹೋದರೆ ನೀರು ನಿಲ್ಲದೆ ಹನಿಹನಿಯಾಗಿ ಜಾರಿಹೋಗುತ್ತದೆ.